ಒಂದೇ ಪುಟದ ಕಾದಂಬರಿ

ಜೂನ್ 3

ನನ್ನ ಜಾದೂಗಾರರಿಗೆ,

ನಿಮ್ಮನ್ನು ರೈಲು ಹತ್ತಿಸಿ ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಗೂಟಕ್ಕೆ ನೇತುಹಾಕಿದ್ದ ನಿಮ್ಮ ಕಪ್ಪು ಕೋಟಿನ ತೋಳೊಳಗೆ ಕೈ ಹಾಕಿ ಹುಡುಕಿದ್ದು. ನಾಣ್ಯ ಇಲ್ಲ, ಕರವಸ್ತ್ರ ಇಲ್ಲ, ಪಾರಿವಾಳವಂತೂ ಇಲ್ಲವೇ ಇಲ್ಲ. ನಿಮ್ಮ ವಾಸನೆ ಮಾತ್ರ ಇತ್ತು. ಅದನ್ನು ಮೂಸುತ್ತಾ ನಿಂತಿದ್ದಾಗ ಅತ್ತೆ ಬಂದುಬಿಟ್ಟರು. ನಾನು ಗುಂಡಿ ಹೊಲಿಯುವವಳಂತೆ ನಟಿಸಿದೆ. ಕೈಯಲ್ಲಿ ಸೂಜಿಯೂ ಇರಲಿಲ್ಲ ದಾರವೂ ಇರಲಿಲ್ಲ. ಅತ್ತೆ ಏನೂ ಕಾಣದವರಂತೆ ಹೋದರು. ನಿಮ್ಮ ಮನೆಯಲ್ಲಿ ನಿಜವಾದ ಜಾದೂ ಗೊತ್ತಿರುವುದು ಅವರಿಗೇ ಎಂದು ನನಗೆ ಅನುಮಾನ.

ಪತ್ರ ಬರೆಯುವುದು ನನಗೆ ಹೊಸದು. ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಜ್ವರ ಬಂದಾಗ ರಜೆ ಕೇಳುವ ಪತ್ರ ಕಲಿಸಿದ್ದರು. ಗಂಡನಿಗೆ ಬರೆಯುವುದು ಸಿಲಬಸ್ಸಿನಲ್ಲಿ ಇರಲಿಲ್ಲ. ಫೋನ್ ಮಾಡೋಣವೆಂದರೆ ಇರುವ ಒಂದೇ ಫೋನು ಭಾವನ ಎಲೆಕ್ಟ್ರಿಕ್ ಅಂಗಡಿಯಲ್ಲಿದೆ. ಭಾವ ಪಕ್ಕದಲ್ಲೇ ನಿಂತು, ಒರೆಸಿದ ಬಲ್ಬನ್ನೇ ಮತ್ತೆ ಒರೆಸುತ್ತಾ, ಒಂದು ಕಿವಿ ನನ್ನ ಕಡೆ ಬಿಟ್ಟಿರುತ್ತಾರೆ. ಅವರೆದುರು ಊಟ ಆಯಿತೇ ಎಂದು ಕೇಳುವುದು ಬಿಟ್ಟರೆ ಬೇರೇನು ಮಾತಾಡಲಿ?

ಅವರನ್ನು ದೂರುತ್ತಿಲ್ಲ. ನೀವು ಮಾತು ಕೊಟ್ಟು ಹೋಗಿದ್ದೀರಿ, ಅವರು ಕಾಯುತ್ತಿದ್ದಾರೆ. ತಿಂಗಳು ಮುಗಿಯುವುದರೊಳಗೆ ಆ ಥಿಯೇಟರಿನವರು ನಿಮ್ಮನ್ನು ವರ್ಷಕ್ಕೆ ಗೊತ್ತುಮಾಡಿಕೊಂಡರೆ ಸರಿ, ಇಲ್ಲದಿದ್ದರೆ ಜಾದೂ ಪೆಟ್ಟಿಗೆಗೆ ಬೀಗ ಹಾಕಿ ಅಂಗಡಿಯಲ್ಲಿ ಕೂರುತ್ತೇನೆ ಎಂದಿರಲ್ಲ. ಭಾವ ಆಗಲೇ ಗಲ್ಲಾಪೆಟ್ಟಿಗೆಯ ಪಕ್ಕ ಜಾಗ ಖಾಲಿ ಮಾಡಿಸಿದ್ದಾರೆ. ನಾನು ಹೆದರಿಲ್ಲ. ನಿಮ್ಮನ್ನು ಒಮ್ಮೆ ನೋಡಿದ ಯಾವ ಮ್ಯಾನೇಜರ್ ತಾನೇ ಬಿಟ್ಟುಕೊಟ್ಟಾನು?

ಈಗ ಗುಟ್ಟು. ನೀವು ಪ್ರತಿ ಊರಿಗೂ ಕೊಂಡೊಯ್ಯುವ ಆ ದಪ್ಪ ಕಾದಂಬರಿಯನ್ನು ಕಳೆದ ವಾರ ಕದ್ದು ಓದಿದೆ. ನಿಮಗೆ ಪ್ರಿಯವಾದದ್ದು ನನಗೂ ಪ್ರಿಯವಾಗಬೇಕಲ್ಲ. ಮೊದಲ ನಾಲ್ಕು ಹಾಳೆ ಚೆನ್ನಾಗಿತ್ತು. ಆಮೇಲೆ ಅಜ್ಜಿಯೊಬ್ಬಳು ಕಿಟಕಿಯ ಬಳಿ ದೀಪ ಹಚ್ಚುತ್ತಾಳೆ. ಪುಟ ತಿರುಗಿಸಿದೆ, ಮತ್ತೆ ಹಚ್ಚಿದಳು. ನಡುವಿನಲ್ಲಿ ತೆಗೆದೆ, ಅಲ್ಲೂ ಹಚ್ಚುತ್ತಿದ್ದಾಳೆ. ಕೊನೆಯ ಹಾಳೆಯವರೆಗೆ ಪಾಪದ ಮುದುಕಿಗೆ ಕೂರಲು ಬಿಡುವಿಲ್ಲ. ಅಚ್ಚಿನಲ್ಲಿ ಎಡವಟ್ಟಾದ ಪ್ರತಿಯನ್ನು ಯಾರೋ ನಿಮ್ಮ ತಲೆಗೆ ಕಟ್ಟಿದ್ದಾರೆ, ನೀವು ಸಂಕೋಚದ ಮನುಷ್ಯ, ವಾಪಸ್ ಕೊಡಲಿಲ್ಲ. ಹಳೇ ಪುಸ್ತಕದ ಅಂಗಡಿಗಳನ್ನೆಲ್ಲ ಅಲೆದು ಅದೇ ಕಾದಂಬರಿಯ ಸರಿಯಾದ ಪ್ರತಿ ಹುಡುಕಿದೆ. ನಿಮ್ಮ ಕಂದು ಕಾಗದದ ಹೊದಿಕೆಯನ್ನೇ ಅದಕ್ಕೆ ತೊಡಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮೊದಲ ಹಾಳೆಯಲ್ಲಿ ಒಂದೆರಡು ಸಾಲು ಬರೆದಿದ್ದೇನೆ. ಒಬ್ಬರೇ ಇರುವಾಗ ಓದಿಕೊಳ್ಳಿ.

ಸರ್‌ಪ್ರೈಸ್ ಹೇಗಿದೆ? ಮರುಟಪಾಲಿನಲ್ಲೇ ತಿಳಿಸಿ.

ನಿಮ್ಮ ಮಾತಿನ ಮಲ್ಲಿ


ಜೂನ್ 9

ಮಾತಿನ ಮಲ್ಲಿಗೆ,

ಪತ್ರ ತಲುಪಿತು. ಥಿಯೇಟರಿನ ಹಿಂಬದಿಯ ಮೆಟ್ಟಿಲ ಮೇಲೆ ಒಂದು ಕೋಣೆ ಕೊಟ್ಟಿದ್ದಾರೆ. ಕಿಟಕಿ ತೆಗೆದರೆ ಎದುರು ಕಟ್ಟಡದ ನೀರಿನ ಟ್ಯಾಂಕು ಕಾಣುತ್ತದೆ. ಊಟ ಪರವಾಗಿಲ್ಲ. ಮೊದಲ ಪ್ರದರ್ಶನ ಮುಗಿಯಿತು. ಜನ ನಕ್ಕರು.

ಹೊಸ ಪ್ರತಿ ನೋಡಿದೆ. ಅಚ್ಚು ಚೆನ್ನಾಗಿದೆ. ನೀನು ಬರೆದ ಸಾಲುಗಳೂ ತಲುಪಿದವು.

ಹಳೆಯದನ್ನು ಏನು ಮಾಡಿದೆ? ಸುಮ್ಮನೆ ಕೇಳಿದೆ.

ಅಮ್ಮನಿಗೆ ನಾನು ಚೆನ್ನಾಗಿದ್ದೇನೆ ಎಂದು ಹೇಳು. ಅಣ್ಣ ಕೇಳಿದರೂ ಅಷ್ಟನ್ನೇ ಹೇಳು.

ನಿನ್ನವನು


ಜೂನ್ 13

ರೀ,

ಅಚ್ಚು ಚೆನ್ನಾಗಿದೆಯೇ? ಅಷ್ಟೇಯೇ? ಬಿಸಿಲಲ್ಲಿ ಅಲೆದು ಹುಡುಕಿ ತಂದವಳಿಗೆ ಪ್ರೆಸ್ಸಿನವರಿಗೆ ಕೊಡುವ ಸರ್ಟಿಫಿಕೇಟು ಕೊಟ್ಟಿದ್ದೀರಿ. ನಾನು ಬರೆದದ್ದು ‘ತಲುಪಿತು’ ಎಂದರೆ ಏನರ್ಥ? ಅದೇನು ಮನಿಯಾರ್ಡರೇ?

ಹಳೆಯದರ ಚಿಂತೆ ಯಾಕೆ? ಅಂಗಡಿಯವನಿಗೇ ಬಿಟ್ಟುಬಂದೆ. ಅವನು ಅದನ್ನು ತಿರುವಿ ನೋಡಿ, ನನ್ನ ಮುಖ ನೋಡಿ, ರದ್ದಿಯ ರಾಶಿಗೆ ಎಸೆದ.

ನೀವಿಲ್ಲದ ಮನೆಯಲ್ಲಿ ಹೊತ್ತು ಹೋಗದೆ ನಿಮ್ಮ ಪುಸ್ತಕದ ಕಪಾಟು ಒರೆಸಲು ಕುಳಿತೆ. ಜಾದೂಗಾರನ ಕಪಾಟು ಎಂದರೆ ತಲೆಬುರುಡೆ, ಮಂತ್ರ, ಕೆಂಪು ಶಾಯಿಯ ಚಿತ್ರಗಳು ಇರುತ್ತವೆ ಎಂದುಕೊಂಡಿದ್ದೆ. ಸಿಕ್ಕಿದ್ದು ಸಪ್ಪೆ ಪುಸ್ತಕಗಳು. ಅದರಲ್ಲಿ ಒಂದು, ಎಲ್ಲಕ್ಕಿಂತ ಹೆಚ್ಚು ಸವೆದದ್ದು, ಹೋಟೆಲು ಮಾಣಿಗಳಿಗೆ ಬಡಿಸುವುದು ಹೇಗೆಂದು ಕಲಿಸುವ ಪುಸ್ತಕ. ತಟ್ಟೆ ಹಿಡಿಯುವುದು ಹೇಗೆ, ಮಾತಿನಲ್ಲಿ ಮುಳುಗಿದ ಗಿರಾಕಿಯ ಪಕ್ಕ ನಿಲ್ಲುವುದು ಹೇಗೆ, ಖಾಲಿ ಲೋಟ ಎತ್ತುವುದು ಯಾವಾಗ. ಪುಟಪುಟಕ್ಕೂ ನಿಮ್ಮ ಪೆನ್ಸಿಲ್ ಗೆರೆ.

ಅದನ್ನು ಹಿಡಿದು ನೆಲದ ಮೇಲೇ ಕುಳಿತುಬಿಟ್ಟೆ. ಎಲ್ಲ ಅರ್ಥವಾಯಿತು. ಜನ ನಕ್ಕರು ಎಂದು ಬರೆದಿದ್ದೀರಿ. ಜಾದೂ ನೋಡಿ ಜನ ಬೆರಗಾಗಬೇಕು, ನಗುವುದೇಕೆ? ಆಟ ಕೆಟ್ಟಿದೆ. ಅಂಗಡಿಯಲ್ಲಿ ಅಣ್ಣನ ಕೈಕೆಳಗೆ ಕೂರಲು ಮನಸ್ಸಿಲ್ಲದೆ ಆ ಊರಿನಲ್ಲೇ ಯಾವುದೋ ಹೋಟೆಲು ಸೇರುವ ಯೋಚನೆ ನಿಮಗೆ ಮೊದಲಿನಿಂದಲೂ ಇತ್ತು.

ಕೇಳಿ. ನೀವು ಮಾಣಿಯಾದರೂ ನಾನು ನಿಮ್ಮ ಹೆಂಡತಿಯೇ. ಬಿಳಿ ಕೋಟು ನಿಮಗೆ ಒಪ್ಪುತ್ತದೆ. ದಿನಾ ಬಂದು ನಿಮ್ಮ ಮೇಜಿನಲ್ಲೇ ಕೂರುತ್ತೇನೆ, ಬೇಕಾದರೆ ಟಿಪ್ಸ್ ಕೂಡ ಕೊಡುತ್ತೇನೆ. ಆದರೆ ನನ್ನಿಂದ ಮುಚ್ಚಿಡಬೇಡಿ. ಮುಚ್ಚಿಡುವುದು ನಿಮ್ಮ ಕಸುಬು, ಸರಿ. ಅದನ್ನು ಸ್ಟೇಜಿನ ಮೇಲೆ ಇಟ್ಟುಕೊಳ್ಳಿ.

ಭಾವ ನಿನ್ನೆ ಹೊಸ ಕುರ್ಚಿ ತಂದರು. ನನ್ನನ್ನು ಕರೆದು, ‘ಕೂತು ನೋಡಮ್ಮ, ಅವನಿಗೆ ಬೆನ್ನುನೋವು ಬರಬಾರದು’ ಎಂದರು. ಕೂತೆ. ಮೆತ್ತಗಿತ್ತು. ಅದಕ್ಕೇ ಅಳು ಬಂತು. ಕೆಟ್ಟ ಕುರ್ಚಿಯಾಗಿದ್ದರೆ ಜಗಳವಾಡಬಹುದಿತ್ತು.

ನಿಮ್ಮವಳು


ಜೂನ್ 18

ಹುಚ್ಚಿ,

ಹೋಟೆಲು ಸೇರುವ ಯೋಚನೆ ಇಲ್ಲ. ಬಿಳಿ ಕೋಟು ಮರೆತುಬಿಡು.

ಆ ಮಾಣಿಯ ಪುಸ್ತಕವೇ ನನ್ನ ಮೇಷ್ಟ್ರು. ಜಾದೂ ಶುರುಮಾಡಿದ ಹೊಸದರಲ್ಲಿ ಹೋಟೆಲೊಂದರಲ್ಲಿ ಮೇಜಿಂದ ಮೇಜಿಗೆ ಹೋಗಿ ಇಸ್ಪೀಟಿನ ಆಟ ತೋರಿಸುತ್ತಿದ್ದೆ. ನಾನು ಹತ್ತಿರ ಹೋದರೆ ಜನ ಮಾತು ನಿಲ್ಲಿಸಿ ಮುಖ ಗಂಟಿಕ್ಕುತ್ತಿದ್ದರು. ಮಾಣಿ ಹೋದರೆ ಯಾರೂ ತಲೆಯೆತ್ತುತ್ತಿರಲಿಲ್ಲ, ಆದರೆ ತಟ್ಟೆ ಬಂದು ಕೂತಿರುತ್ತಿತ್ತು. ಅದನ್ನು ನೋಡಿ ಆ ಪುಸ್ತಕ ಹುಡುಕಿ ತಂದೆ. ತಟ್ಟೆ ಇಡುವ ಕೈಯಲ್ಲಿ ಅವಸರ ಇರಬಾರದು, ಗಿರಾಕಿ ನಿನ್ನನ್ನಲ್ಲ ತನ್ನ ಜೊತೆಯವರನ್ನು ನೋಡಲು ಬಂದಿದ್ದಾನೆ ಎಂದು ಅದರಲ್ಲಿದೆ. ನಾನು ಇವತ್ತಿಗೂ ಇಸ್ಪೀಟಿನ ಎಲೆ ಇಡುವುದು ಹಾಗೆಯೇ.

ಮ್ಯಾನೇಜರ್ ಇನ್ನೂ ಏನೂ ಹೇಳಿಲ್ಲ. ದಿನವೆಲ್ಲ ನೀನು ಕೊಟ್ಟ ಕಾದಂಬರಿಯನ್ನೇ ಓದುತ್ತಿದ್ದೇನೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಕಣ್ಣು ಉರಿಯುತ್ತದೆ.

ಕಪಾಟಿನಲ್ಲಿ ಏನು ಬೇಕಾದರೂ ಓದು. ನೀಲಿ ರಟ್ಟಿನ ದಪ್ಪ ಪುಸ್ತಕ ಮಾತ್ರ ಬೇಡ. ತುಂಬ ಬೋರು.

ನಿನ್ನವನು


ಜೂನ್ 22

ರೀ,

ನೀಲಿ ಪುಸ್ತಕ ಓದಿದೆ. ಓದಬೇಡ ಎಂದು ಬರೆದ ಮೇಲೆ ಓದದೆ ಇರಲು ನಾನೇನು ಕಲ್ಲೇ? ನಿಮ್ಮ ಪತ್ರ ಕೆಳಗಿಟ್ಟು ನೇರ ಕಪಾಟಿಗೇ ಹೋದೆ.

ಅದರಲ್ಲಿ ಒಂದು ಅಧ್ಯಾಯವಿದೆ. ಸಭಿಕರಲ್ಲಿ ಒಬ್ಬರ ಕೈಗೆ ಪುಸ್ತಕ ಕೊಟ್ಟು, ಯಾವ ಪುಟ ಬೇಕಾದರೂ ತೆಗೆದು ಮೊದಲ ಸಾಲು ಮನಸ್ಸಿನಲ್ಲೇ ಓದಿಕೊಳ್ಳಲು ಹೇಳುವುದು, ಜಾದೂಗಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ದೂರದಿಂದ ಆ ಸಾಲನ್ನು ಹೇಳುವುದು. ಅದಕ್ಕೆ ಬೇಕಾದದ್ದು ಮೊದಲ ಕೆಲವು ಹಾಳೆ ಬಿಟ್ಟರೆ ಕೊನೆಯವರೆಗೆ ಒಂದೇ ಪುಟವನ್ನು ಸೇರಿಸಿ ಹೊಲಿಸಿದ ಪುಸ್ತಕ. ಎಲ್ಲಿ ತೆಗೆದರೂ ಅದೇ ಸಾಲು.

ಎಲ್ಲಿ ತೆಗೆದರೂ ಅದೇ ಅಜ್ಜಿ, ಅದೇ ದೀಪ.

ನಾನು ನಿಮ್ಮ ಪೆಟ್ಟಿಗೆಯಿಂದ ನಿಮ್ಮ ಕೊನೆಯ ಆಟವನ್ನೇ ತೆಗೆದು ರದ್ದಿಗೆ ಹಾಕಿದೆ. ಅದರ ಮೇಲೆ ಸರ್‌ಪ್ರೈಸ್ ಹೇಗಿದೆ ಎಂದು ಬೇರೆ ಕೇಳಿದೆ. ನೀವು ಅಚ್ಚು ಚೆನ್ನಾಗಿದೆ ಎಂದಿರಿ. ಇಂಥ ಗಂಡನನ್ನು ಏನು ಮಾಡುವುದು? ಒಂದು ಸಲ ಬೈಯಬಾರದಿತ್ತೇ?

ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಪುಸ್ತಕದಂಗಡಿಗೆ ಓಡಿದೆ. ಅದು ಅಲ್ಲೇ ಇತ್ತು, ಕುಂಟುವ ಮೇಜಿನ ಕಾಲಿನ ಕೆಳಗೆ. ಅಂಗಡಿಯವನು ಕೊಡಲು ಒಪ್ಪಲಿಲ್ಲ, ಮೇಜು ಈಗ ತಾನೇ ನೆಟ್ಟಗೆ ನಿಂತಿದೆ ಎಂದ. ಬದಲಿಗೆ ನನ್ನ ಕಾಲೇಜಿನ ಇಂಗ್ಲಿಷ್ ಡಿಕ್ಷನರಿ ತಂದು ಕಾಲಿನ ಕೆಳಗೆ ತುರುಕಿದೆ. ಮೊದಲಿಗಿಂತ ಚೆನ್ನಾಗಿ ನಿಂತಿತು.

ಫೋನ್ ಮಾಡೋಣವೆಂದು ಭಾವನ ಅಂಗಡಿಯ ಬಾಗಿಲವರೆಗೆ ಹೋದೆ. ಅವರು ಬಲ್ಬು ಕೈಗೆತ್ತಿಕೊಂಡರು. ಹಿಂತಿರುಗಿ ಬಂದೆ. ನಿಮ್ಮ ಬದುಕು ಕೆಡಿಸಿದ್ದು ನಾನು ಎಂದು ಅವರೆದುರು ಹೇಗೆ ಹೇಳಲಿ?

ಪುಸ್ತಕವನ್ನು ನಾಳೆ ಪಾರ್ಸೆಲ್ ಮಾಡುತ್ತೇನೆ. ತಿಂಗಳು ಮುಗಿಯುವುದರೊಳಗೆ ತಲುಪಿದರೆ ಒಂದು ಆಟಕ್ಕಾದರೂ ಸಿಗಬಹುದು. ತಡವಾಗಿದ್ದರೆ ಒಂದೇ ಸಾಲು ಬರೆದು ತಿಳಿಸಿ. ಬೈದೇ ಬರೆಯಿರಿ.

ನಿಮ್ಮ ಪೆದ್ದಿ


ಜೂನ್ 22

ಮಾತಿನ ಮಲ್ಲಿಗೆ,

ಈ ಪತ್ರ ಉದ್ದವಾಗುತ್ತದೆ. ನೀರು ಕುಡಿದು, ಕುಳಿತು ಓದು.

ಇವತ್ತು ಮಧ್ಯಾಹ್ನ ಮ್ಯಾನೇಜರ್ ಕಾಗದಕ್ಕೆ ಸಹಿ ಹಾಕಿದರು. ಒಂದು ವರ್ಷ, ವಾಸಕ್ಕೆ ಕೋಣೆ ಸಮೇತ. ಮೊದಲು ಇದನ್ನೇ ಬರೆದುಬಿಟ್ಟೆ, ಮುಂದಿನದನ್ನು ಓದುವಾಗ ನೀನು ಎದೆ ಹಿಡಿದುಕೊಳ್ಳಬಾರದು ಎಂದು.

ನೀನು ಬದಲಾಯಿಸಿದ್ದು ಕೆಟ್ಟ ಪ್ರತಿಯಲ್ಲ. ಎಲ್ಲ ಹಾಳೆಯೂ ಒಂದೇ ಇರುವಂತೆ ಹೇಳಿ ಮಾಡಿಸಿದ ಪುಸ್ತಕ ಅದು, ನನ್ನ ಕೊನೆಯ ಆಟದ ಸಾಮಾನು. ಆಟಕ್ಕೆ ಮುಂಚೆ, ಕೈಕೊಡಬಹುದಾದ ಸಾಮಾನನ್ನು ಮಾತ್ರ ನಾನು ಪರೀಕ್ಷಿಸುತ್ತೇನೆ. ಆ ಪುಸ್ತಕ ಯಾವತ್ತೂ ಕೈಕೊಟ್ಟಿರಲಿಲ್ಲ. ಹೊದಿಕೆ ನೋಡಿದೆ, ಮೇಜಿನ ಮೇಲೆ ಇಟ್ಟೆ.

ಮೊದಲ ದಿನ, ನಿನ್ನ ಪತ್ರ ಇನ್ನೂ ತಲುಪಿರಲಿಲ್ಲ, ಒಬ್ಬ ನರ್ಸಮ್ಮನನ್ನು ಮೇಲೆ ಕರೆದೆ. ಕೆಲಸ ಮುಗಿಸಿ ನೇರ ಬಂದಿದ್ದರು, ಇನ್ನೂ ಯೂನಿಫಾರ್ಮಿನಲ್ಲೇ ಇದ್ದರು. ಪುಸ್ತಕ ಕೊಟ್ಟೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡೆ. ಗಂಭೀರವಾಗಿ, ‘ಅಜ್ಜಿ ಕಿಟಕಿಯ ಬಳಿ ದೀಪ ಹಚ್ಚಿದಳು’ ಎಂದೆ.

‘ಇಲ್ಲ ಸಾರ್,’ ಎಂದರು ನರ್ಸಮ್ಮ, ‘ಇಲ್ಲಿ ಯಾರೋ ಕುದುರೆಗೆ ಹುಲ್ಲು ಹಾಕ್ತಿದ್ದಾರೆ.’

ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಆ ಮಾಣಿಯ ಪುಸ್ತಕದಲ್ಲಿ ಒಂದು ಮಾತಿದೆ: ತಟ್ಟೆ ಬಿದ್ದು ಒಡೆದರೆ ತಟ್ಟೆಯನ್ನು ನೋಡಬೇಡ, ಮೊದಲು ಗಿರಾಕಿಯ ಮುಖ ನೋಡು. ನೋಡಿದೆ. ಪಾಪ, ಆಕೆ ನನಗಿಂತ ಹೆಚ್ಚು ಗಾಬರಿಯಾಗಿದ್ದರು. ‘ನಾನು ತಪ್ಪು ಪುಟ ತೆಗೆದ್ನಾ? ಬೇರೆ ತೆಗೀಲಾ?’ ಎಂದು ಹಾಳೆ ಮಗುಚುತ್ತಿದ್ದರು. ನಿಮ್ಮದೇನೂ ತಪ್ಪಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಮೊದಲ ಹಾಳೆಗೆ ಬಂದು ನಿಂತರು. ‘ನಿಮ್ಮ ಹೆಂಡತಿ ಏನೋ ಬರೆದಿದ್ದಾರೆ. ಓದ್ಲಾ?’

ನೀನು ಬರೆದದ್ದನ್ನು ನಾನು ನೋಡಿರಲಿಲ್ಲ. ಓದಿ ಎಂದೆ. ಅವರು ದೊಡ್ಡ ದನಿಯಲ್ಲಿ, ಔಷಧಿಯ ಚೀಟಿ ಓದುವಂತೆ ನಿಧಾನವಾಗಿ ಓದಿದರು: ‘ನನ್ನ ರಾಜಾ, ನಿಮ್ಮ ಹಳೆಯ ಪುಸ್ತಕದಲ್ಲಿ ಎಲ್ಲ ಪುಟವೂ ಒಂದೇ ಇತ್ತು, ನಿಮಗೆ ಗೊತ್ತೇ ಆಗಿರಲಿಲ್ಲ. ಇದರಲ್ಲಿ ಕಥೆ ಮುಂದೆ ಹೋಗುತ್ತದೆ. ನಮ್ಮದೂ ಹಾಗೇ ಹೋಗಲಿ.’

ಓದಿ ಮುಗಿಸಿ ಪುಸ್ತಕ ಮುಚ್ಚಿದರು. ಆಮೇಲೆ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಅಂಥ ನಗುವನ್ನು ನಾನು ಕೇಳಿಲ್ಲ. ಹಿಂದಿನ ಸಾಲಿನವರು ಎದ್ದು ನಿಂತು ನಕ್ಕರು. ನಿನಗೆ ಬರೆದ ‘ಜನ ನಕ್ಕರು’ ಎಂಬುದು ಇದೇ.

ಮ್ಯಾನೇಜರ್ ನಗಲಿಲ್ಲ. ಗುಟ್ಟು ಬಯಲಾದ ಆಟಕ್ಕೆ ಯಾರು ಟಿಕೆಟ್ ತೆಗೀತಾರೆ, ನಾಳೆಯಿಂದ ಇದನ್ನು ಬಿಡಿ ಎಂದರು. ಬಿಟ್ಟರೆ ನನ್ನ ಕೈಯಲ್ಲಿ ಉಳಿಯುವುದು ಎಲ್ಲರೂ ಮಾಡುವ ಆಟಗಳು. ಆ ರಾತ್ರಿಯೇ ಅಣ್ಣನಿಗೆ ಬರೆಯಲು ಕಾಗದ ತೆಗೆದೆ. ಬರೆಯಲಾಗಲಿಲ್ಲ. ನಿನಗೂ ಬರೆಯಲಾಗಲಿಲ್ಲ. ನಿನ್ನ ಸರ್‌ಪ್ರೈಸಿನಿಂದ ಕೆಲಸ ಹೋಯಿತು ಎಂದು ಮದುವೆಯಾದ ಹೊಸದರಲ್ಲಿ ಯಾವ ಗಂಡ ಬರೆದಾನು?

ಮರುದಿನ ಕೌಂಟರಿನಲ್ಲಿ ಜನ ಕೇಳತೊಡಗಿದರಂತೆ, ಹೆಂಡತಿ ಪುಸ್ತಕ ಬದಲಾಯಿಸಿದ ಆಟ ಇವತ್ತು ಇದೆಯಾ ಎಂದು. ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದು, ‘ಇವತ್ತೂ ಸ್ವಲ್ಪ ಹಾಗೇ ಸೋಲ್ತೀರಾ?’ ಎಂದರು.

ಸೋತೆ. ದಿನಾ ಸೋತೆ, ದಿನಾ ನಿನ್ನ ಸಾಲು ಓದಿಸಿದೆ, ದಿನಾ ನಕ್ಕರು. ಆದರೆ ಇದು ಜಾದೂ ಅಲ್ಲ, ವಿದೂಷಕನ ಕೆಲಸ. ಇವರು ವರ್ಷಕ್ಕೆ ಇಟ್ಟುಕೊಂಡರೂ ವಿದೂಷಕನನ್ನೇ ಇಟ್ಟುಕೊಂಡ ಹಾಗೆ.

ಆಗ ನೀಲಿ ಪುಸ್ತಕದ ಒಂದು ಸಾಲು ನೆನಪಾಯಿತು. ಹಿಂದೆ ಅದರ ಕೆಳಗೆ ಗೆರೆ ಎಳೆದಿದ್ದೆ, ಅರ್ಥವಾಗಿರಲಿಲ್ಲ. ಜನ ಒಂದು ಗುಟ್ಟನ್ನು ತಾವೇ ಕಂಡುಹಿಡಿದರೆ ಇನ್ನೊಂದನ್ನು ಹುಡುಕುವುದಿಲ್ಲ ಎಂದು ಅದರಲ್ಲಿದೆ. ನೀನು ಹೊಸ ಪುಸ್ತಕ ಕೊಟ್ಟಿದ್ದು ಇಡೀ ಊರಿಗೇ ಗೊತ್ತು. ಹಾಗಾಗಿ ಈ ಪುಸ್ತಕದಲ್ಲಿ ಮೋಸವಿಲ್ಲ ಎಂದು ನಾನು ಆಣೆ ಮಾಡಬೇಕಿಲ್ಲ, ಅವರೇ ಮಾಡುತ್ತಾರೆ. ನಿಜಕ್ಕೂ ಅದರಲ್ಲಿ ಮೋಸವಿಲ್ಲ.

ಮೊನ್ನೆ ಶನಿವಾರ, ನಗು ಇಳಿದ ಮೇಲೆ, ಪುಸ್ತಕವನ್ನು ಮುಂದಿನ ಸಾಲಿನ ಟ್ಯಾಕ್ಸಿ ಡ್ರೈವರ್ ಒಬ್ಬರಿಗೆ ಕೊಟ್ಟೆ. ‘ನನ್ನ ಹೆಂಡತಿ ಕೊಟ್ಟಿದ್ದು, ಹುಷಾರಾಗಿ ಹಿಡ್ಕೊಳ್ಳಿ. ನಿಮಗಿಷ್ಟವಾದ ಪುಟ ತೆಗೀರಿ. ಪುಟದ ನಂಬರ್ ಮಾತ್ರ ಕೂಗಿ’ ಎಂದೆ. ಕೂಗಿದರು. ನಾನು ಬೆನ್ನು ತಿರುಗಿಸಿ ನಿಂತು ಆ ಪುಟದ ಮೊದಲ ಸಾಲು ಹೇಳಿದೆ.

ನಗಲು ಬಾಯಿ ತೆರೆದವರು ಹಾಗೇ ಕುಳಿತರು. ಡ್ರೈವರ್ ಪುಸ್ತಕವನ್ನು ಪಕ್ಕದವರಿಗೆ ತೋರಿಸಿದರು, ಅವರು ಅವರ ಪಕ್ಕದವರಿಗೆ. ಇನ್ನೊಬ್ಬರು ಎದ್ದು ಬೇರೆ ಪುಟ ಕೇಳಿದರು. ಅದನ್ನೂ ಹೇಳಿದೆ. ಪರದೆ ಇಳಿಸಲು ಗಂಟೆ ಬಾರಿಸಬೇಕಾದ ಮ್ಯಾನೇಜರ್ ಹಗ್ಗ ಹಿಡಿದು ನಿಂತೇ ಇದ್ದರು. ಬಾರಿಸಿ ಎಂದು ನಾನೇ ಕೈಸನ್ನೆ ಮಾಡಿದೆ.

ಇವತ್ತು ಸಹಿ ಹಾಕುವಾಗ ಅವರು ಕೇಳಿದ್ದು ಒಂದೇ: ‘ನಿಮ್ಮ ಮನೆಯವರು ಇನ್ನೇನಾದರೂ ಬದಲಾಯಿಸಿದ್ದಾರಾ?’

ಹೊರಟು ಬಾ. ಹೇಗೆ ಮಾಡಿದೆ ಎಂದು ಬಂದ ದಿನವೇ ಹೇಳುತ್ತೇನೆ. ಕಸುಬಿನ ಗುಟ್ಟನ್ನು ಮನೆಯವರಿಗೂ ಹೇಳಬಾರದೆಂಬುದು ನಮ್ಮವರ ನಿಯಮ. ಆದರೆ ಈ ಆಟದಲ್ಲಿ ಅರ್ಧ ನಿನ್ನದು.

ನಿನ್ನವನು


ಜೂನ್ 27

ನನ್ನ ರಾಜಾ (ಇನ್ನೇನು, ಊರಿಗೆಲ್ಲ ಗೊತ್ತಾಗಿದೆಯಲ್ಲ),

ನೀರು ಕುಡಿಯಲಿಲ್ಲ, ಕುಳಿತುಕೊಳ್ಳಲೂ ಇಲ್ಲ. ಬಾಗಿಲಲ್ಲೇ ನಿಂತು ಓದಿದೆ. ಕೊನೆಯವರೆಗೆ ಓದಿ ಮುಗಿಸಿ ಹೊಸ್ತಿಲ ಮೇಲೇ ಧೊಪ್ಪೆಂದು ಕುಳಿತೆ. ಅತ್ತೆ ಗಾಬರಿಯಾಗಿ ಓಡಿ ಬಂದರು. ಪತ್ರವನ್ನೇ ಅವರ ಕೈಗೆ ಕೊಟ್ಟೆ. ಕೊಟ್ಟ ಮೇಲೆ ‘ನನ್ನ ರಾಜಾ’ ನೆನಪಾಗಿ ಕಿತ್ತುಕೊಳ್ಳಲು ಹೋದೆ. ಅವರು ಅಷ್ಟರಲ್ಲಿ ಓದಿ ಆಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, ‘ಅವರಪ್ಪನಿಗೆ ನಾನೂ ಒಂದು ಸಲ ಬರೆದಿದ್ದೆ. ಅದನ್ನ ಯಾರೂ ಸಭೇಲಿ ಓದಲಿಲ್ಲ, ಪುಣ್ಯ’ ಎಂದರು. ನಾವಿಬ್ಬರೂ ಹೊಸ್ತಿಲ ಮೇಲೆ ಕುಳಿತು ನಕ್ಕೆವು. ನಗುನಗುತ್ತಾ ನಾನು ಅತ್ತುಬಿಟ್ಟೆ. ಇಷ್ಟು ದಿನ ಎದೆಯ ಮೇಲೆ ಯಾರೋ ಕೂತಿದ್ದರು, ಎದ್ದು ಹೋದರು.

ನನ್ನ ಹಿಂದಿನ ಪತ್ರ ನಿಮಗೆ ತಲುಪಿ, ನನ್ನ ಗೋಳು ಓದಿ ನೀವು ನಕ್ಕಿರುತ್ತೀರಿ. ನಗಿ. ಪಾರ್ಸೆಲ್ ಕಳಿಸಲಿಲ್ಲ. ಟಪಾಲು ಕಚೇರಿ ಮುಚ್ಚಿತ್ತು, ಮರುದಿನ ಜ್ವರ ಬಂತು, ಆಮೇಲೆ ನಿಮ್ಮ ಪತ್ರವೇ ಬಂತು. ಒಂದೇ ಪುಟದ ಕಾದಂಬರಿಯನ್ನು ಈಗ ಅತ್ತೆ ಓದುತ್ತಿದ್ದಾರೆ. ನಾನು ಏನೂ ಹೇಳಿಲ್ಲ. ನಿನ್ನೆ ಕನ್ನಡಕ ತೆಗೆದು, ‘ಕಥೆ ಸ್ವಲ್ಪ ನಿಧಾನ ಕಣೇ’ ಎಂದರು. ನನ್ನನ್ನು ಆಡಿಸುತ್ತಿದ್ದಾರೆಂದು ಅನುಮಾನ.

ಭಾವನಿಗೆ ನಾನೇ ಹೋಗಿ ಹೇಳಿದೆ. ಬಲ್ಬು ಕೆಳಗಿಟ್ಟರು. ಹೊಸ ಕುರ್ಚಿಯನ್ನು ಗೋಡೆಯ ಕಡೆಗೆ ಸರಿಸಿದರು. ನನಗೆ ಭಯವಾಯಿತು. ಕೊನೆಗೆ, ಅವನು ಅಂಗಡಿಗೆ ಬಂದಿದ್ದರೆ ನನಗೆ ಜೊತೆಯಾಗುತ್ತಿತ್ತು ಎಂದರು. ಅಷ್ಟೇ, ರೀ. ಅವರು ನಿಮ್ಮನ್ನು ಕಟ್ಟಿಹಾಕಲು ನೋಡುತ್ತಿದ್ದಾರೆಂದು ನಾನು ತಿಂಗಳಿಡೀ ಮುಖ ಊದಿಸಿಕೊಂಡಿದ್ದೆ. ಸಂಜೆ ಆ ಕಡೆ ಹೋದಾಗ ನೋಡಿದರೆ, ಒಂದು ಫ್ಯೂಸು ಕೊಳ್ಳಲು ಬಂದವರಿಗೆ ನಿಮ್ಮ ಕಥೆಯನ್ನೆಲ್ಲ ಹೇಳುತ್ತಿದ್ದರು. ಅವರ ಕಥೆಯಲ್ಲಿ ಥಿಯೇಟರಿನ ಛಾವಣಿ ಹಾರಿಹೋಯಿತು. ಅವರಿಗೆ ಬೇರೆಯಾಗಿ ಒಂದು ಪತ್ರ ಬರೆಯಿರಿ, ಉದ್ದದ್ದು.

ಈಗ ಮುಖ್ಯ ವಿಷಯ. ಗುಟ್ಟು ಹೇಳುತ್ತೇನೆ ಎಂದಿದ್ದೀರಿ. ದಮ್ಮಯ್ಯ, ಬೇಡ.

ದಿನವೆಲ್ಲ ಆ ಕಾದಂಬರಿ ಓದುತ್ತಿದ್ದೇನೆ, ಕಣ್ಣು ಉರಿಯುತ್ತದೆ ಎಂದು ಬರೆದಿದ್ದಿರಿ. ನೀವು ಒಂಟಿಯಾಗಿ ನನ್ನನ್ನು ನೆನೆದು ಓದುತ್ತಿದ್ದೀರಿ ಎಂದುಕೊಂಡು ಆ ಸಾಲಿಗೆ ಮುತ್ತು ಕೊಟ್ಟಿದ್ದೆ. ಈಗ ಆ ಪತ್ರವನ್ನೂ ಈ ಪತ್ರವನ್ನೂ ಅಕ್ಕಪಕ್ಕ ಇಟ್ಟರೆ ಏನೋ ಹೊಳೆಯುತ್ತದೆ ಎಂದು ಗೊತ್ತಾಯಿತು. ತಕ್ಷಣ ಒಂದನ್ನು ಮಡಚಿ ಬೇರೆ ಡಬ್ಬಿಯಲ್ಲಿ ಹಾಕಿದೆ. ನೀಲಿ ಪುಸ್ತಕವನ್ನೂ ಕಪಾಟಿಗೆ ಸೇರಿಸಿದೆ. ಇನ್ನೂ ಅರ್ಧ ಬಾಕಿ ಇತ್ತು. ಮಾಣಿಯ ಪುಸ್ತಕ ಮಾತ್ರ ನನ್ನ ಜೊತೆ ತರುತ್ತೇನೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಶಾಲೆಯಲ್ಲಿ ನಾನು ಎಲ್ಲದಕ್ಕೂ ಕೈಯೆತ್ತುವ ಹುಡುಗಿ. ಉತ್ತರ ಗೊತ್ತಿಲ್ಲದೆ ಕೂರುವುದು ನನಗೆ ಆಗುತ್ತಲೇ ಇರಲಿಲ್ಲ. ಆದರೆ ನಗಲು ಬಾಯಿ ತೆರೆದವರು ಹಾಗೇ ಕುಳಿತರು ಎಂದು ಬರೆದಿದ್ದೀರಲ್ಲ, ಅಲ್ಲಿ ನಾನಿರಲಿಲ್ಲ. ಆ ಟ್ಯಾಕ್ಸಿ ಡ್ರೈವರಿಗೆ ಸಿಕ್ಕಿದ್ದು ನನಗೂ ಬೇಕು.

ನಾಳೆಯಲ್ಲ, ಮುಂದಿನ ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಸಂಜೆಯ ಆಟಕ್ಕೆ ನನ್ನನ್ನು ಹಿಂಬದಿಯ ಮೆಟ್ಟಿಲಿನಿಂದ ಒಳಗೆ ಬಿಡಿಸಬೇಡಿ. ಕೌಂಟರಿನಲ್ಲಿ ಎಲ್ಲರ ಜೊತೆ ಕ್ಯೂ ನಿಂತು, ಟಿಕೆಟ್ ತೆಗೆದು, ಮುಂದಿನ ಬಾಗಿಲಿನಿಂದಲೇ ಬರುತ್ತೇನೆ.

ನಿಮ್ಮವಳು